ಚಿಕ್ಕಿ ಬಚ್ಚಲಿಗೆ ಕಂಟ್ರಾಕ್ಟರ್ ಹುಡುಕಿದ್ದು

ಬೀದಿಗೆಲ್ಲ ಚಿಕ್ಕಿ ಎಂದೇ ಹೆಸರಾದ ಆಕೆ ಮೂವತ್ತೆಂಟು ವರ್ಷ ಆಸ್ಪತ್ರೆಯ ನೆಲ ಒರೆಸಿದವಳು. ಬೇರೆಯವರ ನೆಲವನ್ನು ಕನ್ನಡಿ ಮಾಡಿದ್ದೇನೋ ಸರಿ, ಸ್ವಂತ ಮನೆಯ ಬಚ್ಚಲು ಮಾತ್ರ ಹಾಳುಬಿದ್ದಿತ್ತು. ಜೊತೆಯಲ್ಲೇ ಇದ್ದ ಅಕ್ಕ ಅಲ್ಲಿ ಜಾರಿ ಬಿದ್ದು, ಸೊಂಟ ಮುರಿದುಕೊಂಡು, ಈಗ ಮಗನ ಮನೆಯಲ್ಲಿ ಕೋಲೂರಿಕೊಂಡು ಓಡಾಡುತ್ತಿದ್ದಳು.

"ಚಿಕ್ಕಮ್ಮ, ಆ ಬಚ್ಚಲು ಸರಿಯಾಗೋವರೆಗೂ ಅಮ್ಮನ್ನ ಕಳಿಸಲ್ಲ," ಎಂದು ಅವನು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಅಕ್ಕ ಫೋನಿನಲ್ಲಿ ದನಿ ತಗ್ಗಿಸಿ, "ಬೇಗ ಏನಾದ್ರೂ ಮಾಡೇ. ಸೊಸೆ ನನ್ನನ್ನ ಗಾಜಿನ ಲೋಟದ ಹಾಗೆ ಎತ್ತಿಡ್ತಾಳೆ, ಸಾಕಾಗಿದೆ," ಎಂದಳು.

ಚಿಕ್ಕಿ ಇಬ್ಬರು ಕಂಟ್ರಾಕ್ಟರುಗಳನ್ನು ಕರೆಸಿದಳು. ಒಬ್ಬ ಗರಿಗರಿ ಅಂಗಿಯವನು, ಮಾತೆಲ್ಲ ಬೆಣ್ಣೆ. "ಅಮ್ಮಾ, ನೀವು ಕಣ್ಮುಚ್ಕೊಂಡು ಕೂತ್ಕೊಳ್ಳಿ, ಅರಮನೆ ಬಚ್ಚಲು ಮಾಡ್ಕೊಡ್ತೀನಿ." ಇನ್ನೊಬ್ಬ ಗಂಟುಮುಖದವನು. ಬಂದ, ಕುಕ್ಕರುಗಾಲಲ್ಲಿ ಕೂತು ಅಳೆದ, "ನೆಲ ಪೂರ್ತಿ ಕೀಳ್ಬೇಕು" ಎಂದ, ಹೋದ.

ಕಣ್ಣು ಮುಚ್ಚಿ ಕೂರುವ ಜಾಯಮಾನ ಚಿಕ್ಕಿಯದಲ್ಲ. ಇಬ್ಬರೂ ಹಿಂದೆ ಮಾಡಿದ ಒಂದೊಂದು ಮನೆಯ ವಿಳಾಸ ಪಡೆದು ಹೊರಟಳು. ಮೊದಲನೆಯದು ಅಂಗಿಯವನು ಮಾಡಿಕೊಟ್ಟ ಮನೆ. "ತಾಯಿ, ಸ್ವಲ್ಪ ನಿಮ್ಮ ಬಚ್ಚಲು..." ಎಂದದ್ದೇ ತಡ, ಆ ಮನೆಯಾಕೆ ಪಾಪ, ಮುದುಕಿಗೆ ಅವಸರವಾಗಿದೆ ಅಂದುಕೊಂಡು ಓಡಿಹೋಗಿ ಬಾಗಿಲು ತೆಗೆದಳು. ಚಿಕ್ಕಿ ಒಳಗೆ ಹೋದವಳೇ ಒಂದು ಚೊಂಬು ನೀರನ್ನು ನೆಲಕ್ಕೆ ಸುರಿದಳು.

"ಅಯ್ಯೋ, ಈಗಷ್ಟೇ ಒರೆಸಿದ್ನಲ್ರೀ!"

"ನಾನೇ ಒರೆಸಿಕೊಡ್ತೀನಿ, ಸುಮ್ನಿರಮ್ಮ."

ಮೂಲೆಯಲ್ಲಿ ನೀರು ನಿಂತುಬಿಟ್ಟಿತು. ಗಂಟುಮುಖದವನು ಮಾಡಿದ ಮನೆಗೆ ಹೋಗಿ ಸುರಿದರೆ ಅಲ್ಲೂ ಬಾಗಿಲ ಬಳಿ ಅಂಗೈಯಗಲ ನೀರು! ನಿಂತ ನೀರೇ ಅಲ್ಲವೇ ಅಕ್ಕನನ್ನು ಕೆಡವಿದ್ದು? ಆ ಮನೆಯಾಕೆಗೆ ತನ್ನ ಫೋನ್ ನಂಬರ್ ಕೊಟ್ಟು ಬಂದಳು.

ಇಬ್ಬರಿಗೂ ಫೋನ್ ಮಾಡಿ ವಿಷಯ ಹೇಳಿದಳು. ಗರಿಗರಿ ಅಂಗಿಯವನು ನಕ್ಕ. "ಆ ಮನೆಯವರು ಜಾಸ್ತಿ ನೀರು ಸುರೀತಾರಮ್ಮ, ನಾನೇನ್ ಮಾಡ್ಲಿ?"

"ಬಚ್ಚಲಲ್ಲಿ ಸುರೀದೆ ಹಾಸಿಗೆ ಮೇಲೆ ಸುರೀತಾರಾ?" ಎಂದು ಫೋನ್ ಇಟ್ಟಳು.

ಗಂಟುಮುಖದವನು "ಯಾವ ಕಡೆ?" ಎಂದ.

"ಬಾಗಿಲ ಹತ್ರ, ಎಡಕ್ಕೆ."

"ನನ್ದೇ ತಪ್ಪು," ಎಂದ, ಅಷ್ಟೇ. ಮೂರು ದಿನ ಸುದ್ದಿಯಿಲ್ಲ. ನಾಲ್ಕನೆಯ ದಿನ ಆ ಎರಡನೆಯ ಮನೆಯಾಕೆ ಫೋನ್ ಮಾಡಿದಳು. "ಅದೇನ್ ಮಾಟ ಮಾಡಿದ್ರಿ? ಮಾರಾಯ ತಾನಾಗೇ ಬಂದು ನಾಲ್ಕು ಟೈಲ್ಸ್ ಕಿತ್ತು ಸರಿಮಾಡಿ ಹೋದ. ಕೂತ್ಕೊಳ್ಳಿ ಅಂದ್ರೂ ಕೂರಲಿಲ್ಲ."

ಚಿಕ್ಕಿ ಅಂದೇ ಅವನನ್ನು ಕರೆಸಿದಳು. "ಶುರು ಮಾಡಪ್ಪ."

"ಪಕ್ಕದಲ್ಲಿ ನಿಂತು ಬಾಯಿ ಹಾಕ್ಬಾರ್ದು."

"ಅದೊಂದು ನನ್ನ ಕೈಲಾಗಲ್ಲ."

ಅವನ ಗಂಟುಮುಖ ಆವತ್ತು ಒಂದು ಚೂರು ಸಡಿಲವಾಯಿತು.

ಹದಿನೆಂಟು ದಿನ ಮನೆಯೆಲ್ಲ ಧೂಳು. ಹೊಸ ನೆಲ ಬಂತು, ಗೋಡೆಗೆ ಹಿಡಿಕೆ ಬಂತು. ಆ ಭಾನುವಾರ ಮಗ ಅಕ್ಕನನ್ನು ಕರೆತಂದ. "ಮೊದ್ಲು ನೋಡೋಣ" ಎಂದು ಅವಳ ಬಟ್ಟೆಯ ಚೀಲವನ್ನು ಕಾರಿನಲ್ಲೇ ಬಿಟ್ಟಿದ್ದ. ಅಕ್ಕ ಸೀದಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಅಕ್ಕಾ, ಚಿಲಕ ಹಾಕ್ಬೇಡ!"

"ಸ್ನಾನ ಮಾಡೋಳು ನಾನೋ ನೀನೋ? ಹೋಗೇ ಆಚೆ!"

ತಂಗಿ, ಮಗ ಇಬ್ಬರೂ ಬಾಗಿಲಿಗೆ ಕಿವಿಗೊಟ್ಟು ನಿಂತರು. ನೀರು ಸುರಿಯಿತು, ನಿಂತಿತು, ಮತ್ತೆ ಸುರಿಯಿತು. ಅಕ್ಕ ತಾನೇ ಬಟ್ಟೆ ಉಟ್ಟು, ಒದ್ದೆ ತಲೆಯಲ್ಲಿ ಹೊರಗೆ ಬಂದಳು.

"ಬಿಸಿನೀರಿನ ನಲ್ಲಿ ಎಡಕ್ಕೆ ಹಾಕಿಸಬೇಕಿತ್ತು ಕಣೇ. ನಿಂಗ್ ಯಾವಾಗ ಬುದ್ಧಿ ಬರೋದು?"

ಮಗ ನಗುತ್ತ ಚೀಲ ತರಲು ಕಾರಿನ ಕಡೆ ಹೋದ.