ಮೂಗಿನಲ್ಲಿ ಪಾಸಾದ ಹೈಡ್ರೋಜನ್

ಮೂಸಿ ನೋಡಿ ಒಂದು ಯಂತ್ರವನ್ನು ಕೊಂದ ಮೂವರಲ್ಲಿ ನಾನೂ ಒಬ್ಬ.

ಗದಗಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುವ ಸುನಂದಾ ನನ್ನ ಹಳೆಯ ವಿದ್ಯಾರ್ಥಿನಿ. ಮೂರು ವರ್ಷ ಹಟ ಹಿಡಿದು ಒಂದು ಫ್ಯೂಯೆಲ್ ಸೆಲ್ ಮಾಡಿದಳು. ಹೈಡ್ರೋಜನ್ ಕೊಟ್ಟರೆ ಕರೆಂಟ್ ಕೊಡುತ್ತದೆ. ಡಂಬಳದ ಕಡೆಯ ಒಂದು ಸಣ್ಣ ದವಾಖಾನೆಯಲ್ಲಿ ಕರೆಂಟ್ ಹೋದಾಗ ಲಸಿಕೆಯ ಫ್ರಿಜ್ ಅದರಿಂದ ನಡೆಯಬೇಕು, ಇದು ಅವಳ ಆಸೆ.

ಹೈಡ್ರೋಜನ್ ಎಲ್ಲಿಂದ? ಅಮೋನಿಯಾವನ್ನು ಕಾಯಿಸಿ, ಒಡೆದು. ಒಡೆಯದೆ ಉಳಿದ ಚೂರು ಅಮೋನಿಯಾ ಸೆಲ್‌ಗೆ ವಿಷ. ಅದನ್ನು ಹೀರಲು ನಡುವೆ ಬಿಳಿ ಕಾಳು ತುಂಬಿದ ಫಿಲ್ಟರ್.

'ಕಾಳಿನ ಹೊಟ್ಟಿ ತುಂಬಿದ ಮ್ಯಾಲೆ ಅದು ಏನೂ ಹಿಡಿಯಂಗಿಲ್ರಿ ಸರ್. ನಮ್ಮ ಮೂಗಿಗೆ ಹತ್ತದಷ್ಟು ಅಮೋನಿಯಾನೂ ಸೆಲ್ ಕೆಡಸ್ತೈತಿ' ಎಂದು ವಾರ ಮೊದಲೇ ಮನೆಗೆ ಬಂದು ಹೇಳಿದ್ದಳು. ತಿಳಿಯಿತು ಎಂದು ತಲೆಯಾಡಿಸಿದ್ದೆ.

ಕಾಲೇಜಿನಲ್ಲಿ ಅದರ ಉದ್ಘಾಟನೆಯ ದಿನ ಮುಖ್ಯ ಅತಿಥಿ ತಡ. (ತಡವಾಗಿ ಬಾರದವರು ಅತಿಥಿ ಹೇಗಾದಾರು?) ಕಾದು ಕೂತ ಹಿರಿಯರಿಗೆ ಹೊತ್ತು ಹೋಗಬೇಕಲ್ಲ? 'ಒಮ್ಮೆ ಲೈಟ್ ಹಚ್ಚಿ ತೋರ್ಸವ್ವಾ' ಎಂದರು. ತೋರಿಸಿದಳು. ಅವರಲ್ಲೊಬ್ಬರ ಬೀಗರು ಬಂದರು, ಅವರಿಗೂ ತೋರಿಸಬೇಕಾಯಿತು. ಫೋಟೋದವರಿಗಾಗಿ ಇನ್ನೊಮ್ಮೆ. ಸಾಕು ಎಂದವಳ ಮಾತನ್ನು ಕೇಳುವವರು ಯಾರು? (ಹೈಡ್ರೋಜನ್ ಹತ್ತಿರ ಬೆಂಕಿ ಬೇಡವೆಂದು ದೀಪ ಬೆಳಗುವುದನ್ನು ಬೇರೆ ಕೋಣೆಗೆ ಹಾಕಿಸಲಿಕ್ಕೇ ಅವಳು ಜಗಳವಾಡಬೇಕಾಗಿತ್ತು.)

ಕೊನೆಗೆ ಅಂದಳು, 'ಫಿಲ್ಟರ್ ತುಂಬೇತ್ರಿ. ಬದಲಿ ಮಾಡಾಕ ಒಂದು ತಾಸು ಬೇಕು.'

'ಸಾಹೇಬ್ರು ಮುಳಗುಂದ ನಾಕಾ ದಾಟ್ಯಾರ. ನೀ ತಾಸಿನ ಮಾತು ಹೇಳ್ತಿ' ಎಂದರು ಆಡಳಿತ ಮಂಡಳಿಯ ಅಧ್ಯಕ್ಷರು. ಫಿಲ್ಟರ್ ದಾಟಿದ ಪೈಪನ್ನು ಬಿಚ್ಚಿಸಿ ಮೂಗು ಒಡ್ಡಿದರು. 'ಏನೂ ವಾಸನಿ ಇಲ್ಲ. ಸ್ವಚ್ಛ ಐತಿ.'

ಪ್ರಾಂಶುಪಾಲರೂ ಮೂಸಿದರು. ಅಧ್ಯಕ್ಷರಿಗೆ ಬಾರದ ವಾಸನೆ ಪ್ರಾಂಶುಪಾಲರಿಗೆ ಬರುವುದುಂಟೆ? ಬೆಟಗೇರಿ ಸಂತೆಯಲ್ಲಿ ತುಪ್ಪವನ್ನು ಮುಂಗೈಗೆ ತಿಕ್ಕಿ, ಮೂಸಿ ಕೊಳ್ಳುವ ಮಂದಿ ನಾವು. ನಮ್ಮ ಮೂಗಿನ ಮುಂದೆ ಲ್ಯಾಬ್ ಯಾವ ಲೆಕ್ಕ?

'ನೀವು ಹಿರಿಯರು, ನೀವ ಹೇಳ್ರಿ' ಎಂದು ಅಧ್ಯಕ್ಷರು ನನ್ನತ್ತ ತಿರುಗಿದರು. ಸುನಂದಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬಗ್ಗಿ ಮೂಸಿದೆ. 'ಏನೂ ಇಲ್ಲ ಬಿಡ್ರಿ' ಎಂದೆ. ಆಗಲೇ ಹೆಗಲ ಮೇಲೆ ಅವರ ಸನ್ಮಾನದ ಶಾಲು ಬಿದ್ದಿತ್ತು, ನೋಡಿ.

ಅತಿಥಿ ಬಂದರು, ಲೈಟ್ ಹತ್ತಿತು, ಚಪ್ಪಾಳೆ ಆಯಿತು. ಭಾಷಣದ ನಡುವೆ ಲೈಟ್ ಮಂಕಾಯಿತು, ಆಮೇಲೆ ಆರಿತು. ಭಾಷಣ ಮಾತ್ರ ನಿಲ್ಲಲಿಲ್ಲ. ಮುಂದೆ ಎರಡು ದಿನ ಶುದ್ಧ ಹೈಡ್ರೋಜನ್ ಹರಿಸಿ ನೋಡಿದಳಂತೆ. ಸೆಲ್ ಚೇತರಿಸಿಕೊಳ್ಳಲಿಲ್ಲ. ಮೂರು ವರ್ಷದ ಕೆಲಸ ಮತ್ತೆ ಮೊದಲಿನಿಂದ.

'ಹೆಣ್ಮಕ್ಕಳ ಯಂತ್ರ, ಇನ್ನೆಷ್ಟು ನಡದೀತು' ಎಂದು ಅಧ್ಯಕ್ಷರು ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಸಿಟ್ಟು ನೆತ್ತಿಗೇರಿತು. ಸುನಂದಾಗೆ ಫೋನ್ ಮಾಡಿ ಅವರ ದಡ್ಡತನವನ್ನು, ದರ್ಪವನ್ನು ಬಾಯಿಗೆ ಬಂದಂತೆ ಬೈದೆ. ಅವಳು ಎಲ್ಲ ಕೇಳಿಸಿಕೊಂಡಳು.

'ಅವ್ರಿಗೆ ತಿಳೀಲಿಲ್ರಿ ಸರ್. ನಿಮಗ ತಿಳಿದಿತ್ತಲ್ಲ, ನೀವ್ಯಾಕ ಮೂಸಿದ್ರಿ?'