ಎರಡು ಮೊಳ ಹೆಚ್ಚಿನ ಸೀರೆ

ಇವತ್ತು ಮಕ್ತಲಿನ ನಮ್ಮ ಮನೆಯ ಟ್ರಂಕು ತೆಗೆದೆ. ಒಣ ಬೇವಿನೆಲೆಯ ವಾಸನೆಯ ಜೊತೆ ಅಕ್ಕ ನೇಯ್ದ ಸೀರೆ ಹೊರಬಂತು. ಬೇಕಾದರೆ ಅಳೆದು ನೋಡಿ, ಉಳಿದ ಸೀರೆಗಳಿಗಿಂತ ಎರಡು ಮೊಳ ಉದ್ದ. ಅಳತೆ ತಪ್ಪಿದ್ದಲ್ಲ, ಹಟಕ್ಕೆ ನೇಯ್ದದ್ದು.

ನಾರಾಯಣಪೇಟೆಯ ನನ್ನ ತವರಿನಲ್ಲಿ ಹೆಣ್ಣುಮಕ್ಕಳ ಮೈಯನ್ನು ತಕ್ಕಡಿಯಲ್ಲಿ ತೂಗುತ್ತಿರಲಿಲ್ಲ, ಸೀರೆಯ ನಿರಿಗೆ ಎಣಿಸುತ್ತಿದ್ದರು. ಎರಡನೇ ಹೆರಿಗೆಯಾದ ಮೇಲೆ ಮೈ ಬಂದು ಶಂಕ್ರಮ್ಮಕ್ಕನ ಏಳು ನಿರಿಗೆ ಮೂರಕ್ಕೆ ಬಂದವು. ಮಾತೂ ನಿಂತಿತು. ಗೋಡೆ ನೋಡುತ್ತ ಕೂತರೆ ಕೂತಳೇ. "ಮೊದಲ ಮೈ ಇಳಿಸು, ಆಮ್ಯಾಲ ಮಗ್ಗದ ಕುಣ್ಯಾಗ ಇಳಿ" ಎಂದುಬಿಟ್ಟಳು ಅವ್ವ. ಅಕ್ಕ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ ಮಗ್ಗದಲ್ಲಿ ಕಾಕಾ ಕೂತರು. ನಾನೇನು ಕಡಿಮೆಯೇ? ಜೋಳದ ರೊಟ್ಟಿಯ ಬುಟ್ಟಿ ಬಚ್ಚಿಟ್ಟು, ಅಕ್ಕನನ್ನು ಉದ್ಧಾರ ಮಾಡಿದೆನೆಂದು ಬೀಗಿದ ಪುಣ್ಯಾತ್ಗಿತ್ತಿ!

ಮೈಗೆ ಒಬ್ಬ ಡಾಕ್ಟರು, ಮನಸ್ಸಿಗೆ ಇನ್ನೊಬ್ಬರು. ಮೈಯ ಡಾಕ್ಟರು ಉಣ್ಣಬೇಡ ಎಂದರು. ಮನಸ್ಸಿನವರ ಗುಳಿಗೆಗೆ ಹಸಿವು ಹೆಚ್ಚಿತು. ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡಲೇ ಇಲ್ಲ. ಅಕ್ಕ ಪಥ್ಯವನ್ನೂ ಗುಳಿಗೆಯನ್ನೂ ಬಿಟ್ಟಳು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ತಂಗೀ, ನನಗ ಬದುಕೋದ ಬ್ಯಾಡಾಗೈತಿ" ಎಂದಳು. ಆಗಿಂದಾಗಲೇ ಚೀಟಿಗಳನ್ನು ಹಿಡಿದು, ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಆಟೋ ಹತ್ತಿದೆ.

ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಓದಿದರು. "ರೆಂಡೂ ಕಲಿಪಿ ಚೂಡಾಲಮ್ಮಾ. ಎರಡೂ ಕೂಡಿಸೇ ನೋಡಬೇಕು" ಎಂದು ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಹೇಳಿದರು. ಗುಳಿಗೆ ಬದಲಿಸಿದರು. ಹೊತ್ತಿಗೆ ಸರಿಯಾಗಿ ಊಟ, ದಿನಾ ನಡಿಗೆ, ವಾರಕ್ಕೊಮ್ಮೆ ಬಂದು ತಮ್ಮೊಡನೆ ಮಾತಾಡಬೇಕೆಂದರು. ಆಮೇಲೆ, "ಏನ್ ಮಾಡಿದ್ರ ಜೀವಕ್ಕ ಹಿತ ಅನಸ್ತೈತಿ?" ಎಂದು ಕೇಳಿದರು.

"ಮಗ್ಗರೀ."

"ಹಂಗಾರ ಇವತ್ತ ಕೂಡ್ರಿ. ಸಣ್ಣಾಗೂತನಕ ಕಾಯಬ್ಯಾಡ್ರಿ."

ಮನೆಗೆ ಬಂದವಳೇ ಅಕ್ಕ, "ಏಳ್ರಿ ಕಾಕಾ, ಇದು ನನ್ನ ಮಗ್ಗ" ಎಂದಳು. ಕಾಕಾ ಎದ್ದರು. ತನಗೆಂದೇ ಒಂದು ಸೀರೆ ಹಿಡಿದಳು. ಕತ್ತರಿಸುವ ಅಳತೆ ಬಂದರೂ ಕೈ ನಿಲ್ಲಿಸಲಿಲ್ಲ. ಮತ್ತೆರಡು ಮೊಳ ನೇಯ್ದಳು.

"ಇಷ್ಟುದ್ದ ಯಾರುಡ್ತಾರ, ಹುಚ್ಚಿ?" ಅವ್ವ ಬಾಯಿ ಬಡಿದುಕೊಂಡಳು.

"ನಾ ಉಡ್ತೀನಿ. ಎಣಸವ್ವ, ಏಳು ನಿರಿಗಿ ಬರ್ತಾವ!"

ಮೈ ಇಳಿಯಿತು, ಬಹಳ ನಿಧಾನಕ್ಕೆ. ನಗು ಅದಕ್ಕಿಂತ ಮೊದಲೇ ಬಂದಿತ್ತು.

ಹೋದ ದೀಪಾವಳಿಗೆ ತನ್ನದರ ಅಳತೆಯಲ್ಲೇ ನನಗೆಂದು ನೇಯ್ದ ಈ ಸೀರೆಯನ್ನು ಅಕ್ಕ ನನ್ನ ಕೈಗಿಟ್ಟಾಗ ಮೈಯೆಲ್ಲ ಉರಿದಿತ್ತು. ನಾನೇನು ಅಷ್ಟು ದಪ್ಪವೇ ಎಂದು ಟ್ರಂಕಿಗೆ ತುರುಕಿದ್ದೆ. ನಿಮ್ಮ ಮುಂದೆ ಸುಳ್ಳೇಕೆ? ವರ್ಷವಾಯಿತು, ನನಗೂ ಮೂರೇ ನಿರಿಗೆ, ನನಗೂ ಗೋಡೆಯೇ ಜೊತೆ. ಅಕ್ಕನಿಗೆ ಅದು ಕಂಡಿತ್ತು.

ಇವತ್ತು ಉಟ್ಟೆ. ಏಳು ಬಂದವು. ನಾರಾಯಣಪೇಟೆ ಬಸ್ಸಿಗೆ ಹೊರಟಿದ್ದೇನೆ. ಡಾಕ್ಟರಮ್ಮನ ಮುಂದೆ ಮೈಯದನ್ನೂ ಹೇಳುತ್ತೇನೆ, ಮನಸ್ಸಿನದನ್ನೂ ಹೇಳುತ್ತೇನೆ. ದಾರಿಯಲ್ಲಿ ಯಾರಿಗಾದರೂ ನಿರಿಗೆ ಎಣಿಸುವ ಚಟವಿದ್ದರೆ ಎಣಿಸಿಕೊಳ್ಳಲಿ.