ಹಿಂದಿನ ಸೀಟಿನ ಬಗ್ಗೆ ನಾನು ಬರೆಯದೆ ಬಿಟ್ಟದ್ದು

ಕೆಲವು ವರ್ಷಗಳ ಹಿಂದೆ ಒಂದು ದುಬಾರಿ ಕಾರಿನ ಬಗ್ಗೆ ನಾನು ಬರೆದ ಲೇಖನ ಓದಿದ ಒಬ್ಬರು ಫೋನು ಮಾಡಿದ್ದರು. "ಎಲ್ಲ ಬರೆದಿದ್ದೀರಿ ಸಾರ್, ಹಿಂದಿನ ಸೀಟಿನ ಬಗ್ಗೆ ಮಾತ್ರ ಒಂದಕ್ಷರ ಇಲ್ಲ. ಇಂಥ ಕಾರು ಕೊಳ್ಳುವವರು ಕೂರುವುದೇ ಹಿಂದೆ ಅಲ್ಲವೇ?" ಎಂದರು. ಪುಟದಲ್ಲಿ ಜಾಗ ಸಾಲಲಿಲ್ಲ ಎಂದು ಹೇಳಿ ಫೋನಿಟ್ಟೆ. ಜಾಗ ಬೇಕಾದಷ್ಟಿತ್ತು. ಆ ಸೀಟನ್ನು ನೆನೆದು ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ, ಅಷ್ಟೆ. ಈಗಲೂ ಹಾಡುಹಗಲಲ್ಲಿ, ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿರುವ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ದೆವ್ವ, ಗಾಳಿ, ಸೋಕು ಇವನ್ನೆಲ್ಲ ನಾನು ನಂಬಿದವನಲ್ಲ. ಧೈರ್ಯವಂತ ಅಂತಲ್ಲ. ಹೆದರುವುದಕ್ಕೆ ನನಗೆ ಬೇರೆ ವಿಷಯಗಳೇ ಧಾರಾಳವಾಗಿದ್ದವು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬೀದಿ ತುದಿಯಿಂದ ವಾಪಸು ಬರುವವನು ನಾನು. ಟೈರಿನ ಗಾಳಿ, ರಕ್ತದೊತ್ತಡ, ಬೆನ್ನ ಮೇಲಿನ ಮಚ್ಚೆ, ಎದುರು ಬರುವ ಲಾರಿಯವನು ನಿದ್ದೆಗೆಟ್ಟಿದ್ದಾನೋ ಎಂಬ ಅನುಮಾನ, ಹೀಗೆ ಐವತ್ತು ದಾಟಿದವನ ದಿನವೆಲ್ಲ ಭರ್ತಿಯಾಗಿರುವಾಗ ದೆವ್ವಕ್ಕೆ ಪುರುಸೊತ್ತೆಲ್ಲಿ? ಇಂಥವನು ಕಾರು ಓಡಿಸಿ ನೋಡಿ ಪತ್ರಿಕೆಗೆ ಬರೆಯುವ ಕೆಲಸಕ್ಕೆ ಹೇಗೆ ಬಂದ ಎಂದು ಮನೆಯವರು ಇಂದಿಗೂ ನಗುತ್ತಾರೆ.

ಆ ಕಾರನ್ನು ಕಂಪನಿಯವರು ಎರಡು ದಿನದ ಮಟ್ಟಿಗೆ ಕೊಟ್ಟಿದ್ದರು. ಹೆಸರು ಬೇಡ. ಉದ್ದನೆಯ, ಕಪ್ಪು ಬಣ್ಣದ, ಒಳಗೆಲ್ಲ ಕೆನೆಬಣ್ಣದ ಚರ್ಮದ ಸೀಟುಗಳಿದ್ದ ಸೆಡಾನು. ಇಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ಯಾವ ಚಕ್ರ ಎಷ್ಟು ಎಳೆಯುತ್ತಿದೆ ಎಂಬುದನ್ನು ಎದುರಿನ ಪರದೆಯಲ್ಲಿ ನೀಲಿ ಪಟ್ಟಿಗಳಾಗಿ ತೋರಿಸುತ್ತಿತ್ತು. ಇಂಥದನ್ನು ಪರೀಕ್ಷಿಸಲು ಹೆದ್ದಾರಿ ಸಾಲದು, ಕೆಸರು ಬೇಕು. ಕೆಸರಿಗೆ ನಾನು ನಮ್ಮೂರ ಕಡೆ ಬಿಟ್ಟು ಬೇರೆಲ್ಲಿ ಹೋಗಲಿ? ಬೆಳಿಗ್ಗೆ ಮೈಸೂರಿನ ಮನೆ ಬಿಟ್ಟು, ಶ್ರೀರಂಗಪಟ್ಟಣದಲ್ಲಿ ತಿಂಡಿ ತಿಂದು, ಕರಿಘಟ್ಟದ ಕಡೆಗೊಂದು ನಮಸ್ಕಾರ ಹಾಕಿ, ಪಾಂಡವಪುರದ ದಾರಿ ಹಿಡಿದೆ.

ನಿಜ ಹೇಳಬೇಕೆಂದರೆ ಅಂಥ ಕಾರನ್ನು ನಾನು ಅದಕ್ಕೆ ಮೊದಲು ಓಡಿಸಿರಲಿಲ್ಲ. ರಸ್ತೆಯ ಗುಂಡಿ ಕಣ್ಣಿಗೆ ಕಾಣುತ್ತಿತ್ತು, ಸೊಂಟಕ್ಕೆ ತಿಳಿಯುತ್ತಿರಲಿಲ್ಲ. ಪಾಂಡವಪುರ ದಾಟಿದ ಮೇಲೆ ಕಬ್ಬಿನ ಗದ್ದೆಗಳ ನಡುವಿನ ಒಂದು ಹಾದಿಗೆ ಇಳಿಸಿದೆ. ಟ್ರಾಕ್ಟರುಗಳು ಉತ್ತಂತೆ ಮಾಡಿಟ್ಟಿದ್ದ ಕಪ್ಪು ಕೆಸರು. ಮುಂದಿನ ಚಕ್ರ ಜಾರಿತು, ಪರದೆಯಲ್ಲಿ ಹಿಂದಿನ ಪಟ್ಟಿಗಳು ಮೇಲೆದ್ದವು, ಕಾರು ಎಮ್ಮೆ ಕೆರೆಯಿಂದ ಏಳುವ ಹಾಗೆ ನಿಧಾನವಾಗಿ, ಗಂಭೀರವಾಗಿ ಎದ್ದು ಬಂತು. ನನಗೂ ಒಂದು ಕ್ಷಣ ಜಂಬ ಬಂತು.

ಕೆ.ಆರ್. ಪೇಟೆ ದಾಟಿ ಸಂತೆಬಾಚಹಳ್ಳಿ ಹತ್ತಿರದ ಅಕ್ಕನ ಊರು ಸೇರಿದಾಗ ಊಟದ ಹೊತ್ತು. ಅಂದು ಅಕ್ಕನ ಮನೆಯಲ್ಲಿ ಹರಕೆಯ ಮರಿ ಕಡಿದಿದ್ದರು. ಸಾರಿನ ಖಾರಕ್ಕೆ ನನ್ನ ಕಣ್ಣು ಮೂಗು ಎರಡರಲ್ಲೂ ನೀರು. ಉಂಡ ಮೇಲೆ ನೆಂಟರೆಲ್ಲ ಕಾರಿನ ಸುತ್ತ ಸೇರಿದರು. ಎಲ್ಲರಿಗೂ ಒಂದೊಂದು ಸುತ್ತು ಆಗಲೇಬೇಕು. ಭಾವ ಮಾತ್ರ ಬಾನೆಟ್ಟಿಗೆ ಒರಗಿ ನಿಂತು ವಿಚಾರಣೆ ಶುರುಮಾಡಿದರು.

"ನಾಕು ಚಕ್ರನೂ ಎಳೀತದೆ ಅಂತೀಯಲ್ಲ ಬಾಮೈದ, ಅಂಗಾರೆ ಮಿಕ್ಕಿದ್ ಕಾರ್ಗೆಲ್ಲ?"

"ಎರಡೇ ಎಳೆಯೋದು ಭಾವ. ಇನ್ನೆರಡು ಸುಮ್ಮನೆ ಉರುಳ್ತವೆ."

"ನಮ್ಮನೆ ಅಂಗೇ ಅನ್ನು. ಎಳೆಯೋರು ಇಬ್ರು, ಉರುಳ್ಕೊಂಡ್ ಬರೋರು ಇಬ್ರು," ಎಂದು ಅಕ್ಕನ ಕಡೆ ನೋಡಿದರು. ಅಕ್ಕ ಕೈಲಿದ್ದ ಸೌಟು ತೋರಿಸಿದಳು.

ಅವಳ ಮಗಳು ಸೌಮ್ಯ ಆಗ ಏಳು ತಿಂಗಳ ಬಸುರಿ. ನಾಗಮಂಗಲದಲ್ಲಿರುವ ಗಂಡನ ಮನೆಗೆ ಅವಳನ್ನು ನಾನೇ ಬಿಡುವುದೆಂದು ಮೊದಲೇ ಮಾತಾಗಿತ್ತು. ಬಸ್ಸಿನ ಕುಲುಕಾಟಕ್ಕಿಂತ ಈ ಕಾರು ವಾಸಿ ಎಂದು ನಾನೇ ಮುಂದಾಗಿ ಹೇಳಿದ್ದೆ. ಬಿಸಿಲಿರುವಾಗಲೇ ಹೊರಡಬೇಕಿತ್ತು. ಕಾರು ಹತ್ತಿ ಇಳಿಯುವ ನೆಂಟರ ಸಂಭ್ರಮ ಮುಗಿಯುವಷ್ಟರಲ್ಲಿ ದನಗಳು ಕೊಟ್ಟಿಗೆಗೆ ತಿರುಗಿದ್ದವು. ಡಿಕ್ಕಿಯಲ್ಲಿ ಸೌಮ್ಯಳ ಪೆಟ್ಟಿಗೆ, ತೆಂಗಿನಕಾಯಿ ಮೂಟೆ. ಬೀಗರ ಮನೆಗೆಂದು ಅಕ್ಕ ಬಾಡಿನ ಸಾರು, ಮುದ್ದೆ ತುಂಬಿದ ಕ್ಯಾರಿಯರನ್ನು ಹಿಂದಿನ ಸೀಟಿನ ಮೇಲಿಟ್ಟಳು. ಅದರ ಮುಚ್ಚಳದ ಮೇಲೆ ಒಂದು ಬೇವಿನ ಎಸಳು, ಹೆಬ್ಬೆಟ್ಟು ಗಾತ್ರದ ಒಂದು ಇದ್ದಿಲು.

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ಹೊತ್ತು ಮುಳುಗಿದ ಮೇಲೆ ಬಾಡೂಟ ಹೊತ್ತುಕೊಂಡು ಊರು ದಾಟಬೇಕಾದರೆ ಇದ್ದಿಲೋ ಕಬ್ಬಿಣದ ಚೂರೋ ಜೊತೆಗಿಡಬೇಕು. ಇಲ್ಲದಿದ್ದರೆ ವಾಸನೆ ಹಿಡಿದು ಗಾಳಿ ಹಿಂದೆ ಬರುತ್ತದೆ ಎನ್ನುತ್ತಾರೆ.

"ತೆಗೀಬ್ಯಾಡ ಕಣ್ಲಾ. ಬಸ್ರಿ ಎಣ್ಣು ಜೊತೇಲವ್ಳೆ," ಎಂದಳು ಅಕ್ಕ.

ಊರು ದಾಟಿ ಮೊದಲ ತಿರುವಿನಲ್ಲೇ ಆ ಇದ್ದಿಲು ಉರುಳಿತು. ಕೆನೆಬಣ್ಣದ ಚರ್ಮದ ಮೇಲೆ ಕಪ್ಪು ಗೀರು. ಕಾರು ಹಿಂತಿರುಗಿಸುವಾಗ ಕಂಪನಿಯ ಹುಡುಗ ಕೈದೀಪ ಹಿಡಿದು ಗೀರು ಹುಡುಕುವ ಚಿತ್ರ ಕಣ್ಣೆದುರು ಬಂತು. ಗಾಡಿ ನಿಲ್ಲಿಸಿ, ಕರವಸ್ತ್ರದಿಂದ ಒರೆಸಿ, ಇದ್ದಿಲನ್ನು ಬೇಲಿಯಾಚೆ ಎಸೆದೆ. ಬೇವಿನ ಎಸಳೂ ಅದರ ಜೊತೆ ಹೋಯಿತು.

"ಬ್ಯಾಡ ಕಣ್ ಮಾವ, ಅವ್ವ ಬಯ್ತಾಳೆ," ಎಂದಳು ಮುಂದಿನ ಸೀಟಿನಲ್ಲಿದ್ದ ಸೌಮ್ಯ.

"ಸೀಟು ಹಾಳಾದರೆ ಬಯ್ಯುವವರು ಬೇರೆ ಇದ್ದಾರೆ ಕಣಮ್ಮ," ಎಂದೆ. ದೆವ್ವಕ್ಕಿಂತ ಕಂಪನಿಯವರಿಗೆ ಹೆದರುವ ಮನುಷ್ಯ ನಾನು. ಆಗ ಅದು ನಗುವ ಮಾತಾಗಿತ್ತು.

ಸ್ವಲ್ಪ ದೂರ ಹೋದ ಮೇಲೆ ಗಂಟೆ ಬಾರಿಸಿತು. ಸೀಟಿನಲ್ಲಿ ಯಾರಾದರೂ ಬೆಲ್ಟು ಹಾಕದೆ ಕೂತರೆ ಬಾರಿಸುವ ಗಂಟೆ. ಪರದೆಯಲ್ಲಿ ಹಿಂದಿನ ಎಡಗಡೆ ಸೀಟಿನ ಗುರುತು ಕೆಂಪಾಗಿತ್ತು. ಕ್ಯಾರಿಯರಿನ ಭಾರಕ್ಕೆ ಮನುಷ್ಯರೆಂದು ತಿಳಿದಿದೆ ಎಂದುಕೊಂಡು ಮತ್ತೆ ನಿಲ್ಲಿಸಿ, ಅದನ್ನು ಸೌಮ್ಯಳ ಸೀಟಿನ ಹಿಂದೆ ಕೆಳಗಿಟ್ಟೆ. ಸೀಟಿನ ಮೇಲೆ ಈಗ ಏನೂ ಇಲ್ಲ. ಹೊರಟೆ. ಗಂಟೆ ಮತ್ತೆ ಬಾರಿಸಿತು.

ಯಂತ್ರದ ತಪ್ಪು, ಲೇಖನಕ್ಕೆ ಒಂದು ಸಾಲು ಸಿಕ್ಕಿತು ಎಂದು ಸಮಾಧಾನ ಮಾಡಿಕೊಂಡೆ. ಅಷ್ಟರಲ್ಲಿ ಎಡಗಡೆಯ ಕೆಂಪು ಆರಿತು. ನಡುವಿನ ಸೀಟಿನ ಗುರುತು ಕೆಂಪಾಯಿತು. ಮತ್ತೆ ಸ್ವಲ್ಪ ಹೊತ್ತಿಗೆ ಅದೂ ಆರಿ ಬಲಗಡೆಯದು ಹೊತ್ತಿಕೊಂಡಿತು. ಯಾರೋ ಸರಿದು ಸರಿದು ಬಂದು ನನ್ನ ಬೆನ್ನ ಹಿಂದೆ ಕೂತ ಹಾಗೆ.

ಸೌಮ್ಯ ಪರದೆಯನ್ನು ನೋಡುತ್ತಿರಲಿಲ್ಲ ಎಂದುಕೊಂಡಿದ್ದೆ. ಅವಳು ಕೂದಲು ಸರಿಮಾಡಿಕೊಳ್ಳಲು ತಲೆಯ ಮೇಲಿನ ಸಣ್ಣ ಕನ್ನಡಿಯನ್ನು ಕೆಳಗೆಳೆದಳು. ಒಮ್ಮೆ ನೋಡಿದಳು. ಟಪ್ಪೆಂದು ಮುಚ್ಚಿದಳು.

"ಇಂದಕ್ಕೆ ತಿರುಗ್ಬ್ಯಾಡ ಮಾವ," ಎಂದಳು. ಕೂಗಲಿಲ್ಲ. ಮಲಗಿರುವ ಮಗುವಿನ ಪಕ್ಕ ಕೂತು ಮಾತಾಡುವಷ್ಟು ಮೆಲ್ಲಗೆ.

ನಾನು ಮಾಡಿದ್ದೇನು ಗೊತ್ತೆ? ನನ್ನ ಕನ್ನಡಿಯನ್ನೂ ಛಾವಣಿಯ ಕಡೆ ತಿರುಗಿಸಿದೆ. ಹಿಂದೆ ಬರುವ ವಾಹನದ ಮೇಲೆ ಸದಾ ಕಣ್ಣಿರಲಿ ಎಂದು ಊರಿಗೆಲ್ಲ ಬರೆದು ಬುದ್ಧಿ ಹೇಳುವವನು ನಾನು.

ಮುಂದೆ ಒಂದು ಕೆರೆ. ರಸ್ತೆ ಏರಿಯ ಮೇಲೇ ಹೋಗುತ್ತದೆ. ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಆಳದಲ್ಲಿ ಗದ್ದೆ, ಎರಡೂ ಕಡೆ ತಡೆಗೋಡೆ ಇಲ್ಲ. ಕತ್ತಲಾಗಿತ್ತು, ಆದರೆ ನೀರು ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಏರಿ ಹತ್ತಿದ್ದೇ ತಡ, ಕಾರು ಹಿಂದಕ್ಕೆ ಜಗ್ಗಿದಂತಾಯಿತು. ನಾನು ಕಾಲು ಒತ್ತಿದೆ. ಪರದೆಯಲ್ಲಿ ನಾಲ್ಕೂ ಪಟ್ಟಿಗಳು ತುದಿಯವರೆಗೆ ಎದ್ದು ನಿಂತವು. ಕಾರು ಮಾತ್ರ ನಡೆಯುವವನ ವೇಗದಲ್ಲಿ ತೆವಳುತ್ತಿತ್ತು. ಬೆಳಿಗ್ಗೆ ಕೆಸರಿನಲ್ಲಿ ಸಿಕ್ಕಿಕೊಳ್ಳದ ಕಾರು ಒಣಗಿದ ಟಾರಿನ ಮೇಲೆ ಸಿಕ್ಕಿಕೊಂಡಿತ್ತು.

ಏರಿಯ ನಡುವೆ ಅದು ತಾನಾಗಿಯೇ ಬ್ರೇಕು ಹಾಕಿ ನಿಂತಿತು. ಎದುರಿಗೆ ಯಾರೂ ಇಲ್ಲ, ಏನೂ ಇಲ್ಲ. ಅಪಘಾತ ಆಗುತ್ತದೆ ಎನ್ನಿಸಿದರೆ ಇಂಥ ಕಾರುಗಳು ಬೆಲ್ಟನ್ನು ತಾವೇ ಎಳೆದು ಬಿಗಿ ಮಾಡುತ್ತವೆ, ಕೂತವರು ಮುಂದಕ್ಕೆ ಮುಗ್ಗರಿಸದಿರಲಿ ಎಂದು. ನಮ್ಮಿಬ್ಬರ ಬೆಲ್ಟೂ ಬಿಗಿಯಾಯಿತು. ನನ್ನದು ಸಡಿಲವಾಯಿತು. ಸೌಮ್ಯಳದು ಆಗಲಿಲ್ಲ.

ಹೊರಡುವಾಗ ಆ ಬೆಲ್ಟು ಹೊಟ್ಟೆಯ ಮೇಲೆ ಬರಬಾರದು, ಕೆಳಗೆ ಬರಬೇಕು ಎಂದು ನಾನೇ ನಿಂತು ಸರಿಮಾಡಿಸಿದ್ದೆ. ಅದು ಈಗ ಮೇಲಕ್ಕೆ ಸರಿದು ಹೊಟ್ಟೆಯನ್ನು ಕಚ್ಚಿ ಹಿಡಿದಿತ್ತು. ಬಿಚ್ಚಲು ಹೋದೆ. ಕೊಕ್ಕೆ ಅಲುಗಲಿಲ್ಲ. ಎರಡೂ ಕೈಯಲ್ಲಿ ಒತ್ತಿದೆ. ಅವಳು ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದಳು. ಎಷ್ಟೋ ವರ್ಷ ಏನೇನೋ ಆಗಬಹುದೆಂದು ಕಲ್ಪಿಸಿಕೊಂಡು ಹೆದರಿದವನು ನಾನು. ಅದರಲ್ಲಿ ಇದು ಇರಲಿಲ್ಲ. ಅಕ್ಕನಿಗೆ ನಾನೇನು ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

"ಕೊಟ್ಬುಡು ಮಾವ," ಎಂದಳು ಸೌಮ್ಯ, ಹಲ್ಲು ಕಚ್ಚಿಕೊಂಡು. "ಬಾಡ್ ಕೊಟ್ಬುಡು. ಅದ್ಕೇ ಬಂದಿರೋದು."

ಬಾಡು ಇದ್ದದ್ದು ಹಿಂದೆ. ಇಳಿದೆ. ಕಾರಿನ ಮುಂಭಾಗವನ್ನು ಸುತ್ತಿ ಎಡಗಡೆಗೆ ಬಂದೆ. ಹಿಂದಿನ ಬಾಗಿಲಿನ ಹಿಡಿಗೆ ಕೈಹಾಕಿ ನಿಂತ ಆ ಹೊತ್ತು ಈಗಲೂ ಕೆಲವು ದಿನ ನಿದ್ದೆಯಲ್ಲಿ ಬರುತ್ತದೆ. ತೆರೆದೆ. ಕಣ್ಣನ್ನು ಕೆಳಗೇ, ಕ್ಯಾರಿಯರಿನ ಮೇಲೇ ಇಟ್ಟಿದ್ದೆ. ಸೀಟಿನ ಅಂಚು ಕಣ್ಣಿನ ಮೂಲೆಗೆ ಬೀಳುತ್ತಿತ್ತು. ಅದರಾಚೆ ನೋಡಲಿಲ್ಲ. ಒಳಗಿನಿಂದ ಕೆರೆಯ ಕೆಸರಿನಂಥ ತಣ್ಣನೆ ವಾಸನೆ ಮುಖಕ್ಕೆ ಹೊಡೆಯಿತು. ಎಸಿ ಇರಬಹುದು. ಡಬ್ಬಿಗಳನ್ನು ಬಿಚ್ಚಿ ಒಂದು ಮುದ್ದೆ, ಒಂದಷ್ಟು ತುಂಡುಗಳನ್ನು ಏರಿಯ ಅಂಚಿನಲ್ಲಿಟ್ಟೆ. ಹೇಳಲು ಯಾವ ಮಂತ್ರವೂ ಗೊತ್ತಿರಲಿಲ್ಲ. "ತಗೋಳಪ್ಪ, ಮಗೀನ ಬುಟ್ಬುಡು," ಎಂದೆ. ಮೈಸೂರಿನ ಕನ್ನಡವೆಲ್ಲ ಎಲ್ಲಿ ಹೋಯಿತೋ, ಬಾಯಿಗೆ ಬಂದದ್ದು ಅವ್ವನ ಭಾಷೆ.

ಬಾಗಿಲು ಇನ್ನೂ ತೆರೆದೇ ಇತ್ತು. ಕಾರಿನ ಹಿಂಭಾಗ ಮೆಲ್ಲಗೆ ಮೇಲೆದ್ದಿತು, ಭಾರದವರು ಯಾರಾದರೂ ಇಳಿದಾಗ ಏಳುವ ಹಾಗೆ. ಅದನ್ನು ನಾನು ಕಂಡೆ. ಕಂಡೆ ಎಂದೇ ಬರೆಯುತ್ತೇನೆ. ಮರುಕ್ಷಣ ಒಳಗೆ ಟಕ್ಕೆಂದು ಸದ್ದಾಯಿತು. ಸೌಮ್ಯಳ ಬೆಲ್ಟು ಬಿಟ್ಟುಕೊಂಡಿತ್ತು.

ಆಮೇಲೆ ಗಂಟೆ ಬಾರಿಸಲಿಲ್ಲ. ನಾಗಮಂಗಲದ ಬೀದಿದೀಪ ಕಾಣುವವರೆಗೆ ಅವಳು ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಕೂತಿದ್ದಳು. ಊರು ಹತ್ತಿರ ಬಂದಾಗ "ಒದೀತಾ ಅದೆ ಮಾವ," ಎಂದಳು. ನಾನು ಕಾರು ಪಕ್ಕಕ್ಕೆ ಹಾಕಿ, ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತೆ. ಅಂದೇ ಡಾಕ್ಟರಿಗೆ ತೋರಿಸಿದೆವು, ಏನೂ ತೊಂದರೆ ಇಲ್ಲ ಎಂದರು. ಬೆಲ್ಟು ಬಿಗಿದದ್ದಷ್ಟನ್ನೇ ಹೇಳಿದೆವು.

ಮನೆಯಲ್ಲಿ ಉಳಿದ ಸಾರನ್ನು ಬಿಸಿ ಮಾಡಿ ಬಡಿಸಿದ ಸೌಮ್ಯಳ ಅತ್ತೆ, ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು. "ಉಪ್ಪು ಖಾರ ಎರಡನ್ನೂ ಮರ್ತವ್ರಲ್ಲ ಬೀಗಿತ್ತಿ!" ನಾನೂ ಬೆರಳದ್ದಿ ನೋಡಿದೆ. ಬಿಸಿನೀರು ಕುಡಿದಂತಿತ್ತು. ಮಧ್ಯಾಹ್ನ ಅದೇ ಪಾತ್ರೆಯ ಸಾರು ನನ್ನ ಕಣ್ಣಲ್ಲಿ ನೀರು ತರಿಸಿತ್ತು.

ಕಂಪನಿಯವರು ಕಾರನ್ನು ಪರೀಕ್ಷಿಸಿ ಎಲ್ಲ ಸರಿಯಾಗಿದೆ ಎಂದರು. ಕೆರೆಯ ಮೇಲೆ ಹಾರುವ ಬಾವಲಿಯನ್ನು ಕಂಡು ಬ್ರೇಕು ಹಿಡಿದಿರಬಹುದಂತೆ. ಇರಬಹುದು. ಗಾಬರಿಯಲ್ಲಿ ನಾನೇ ಕೊಕ್ಕೆಯನ್ನು ಸರಿಯಾಗಿ ಒತ್ತದಿರಬಹುದು. ಸಾರಿನ ವಿಷಯ ಅವರನ್ನು ಕೇಳುವ ಹಾಗಿರಲಿಲ್ಲ. ಲೇಖನದಲ್ಲಿ ಸ್ಟೇರಿಂಗಿನ ಹಗುರ, ಕೆಸರಿನ ಗೆಲುವು, ನಾಲ್ಕು ಚಕ್ರಗಳ ಒಗ್ಗಟ್ಟು ಎಲ್ಲವನ್ನೂ ಹೊಗಳಿ ಬರೆದೆ. ಹೊಗಳಿಕೆ ಸುಳ್ಳಲ್ಲ, ಒಳ್ಳೆಯ ಕಾರೇ ಅದು. ಈಗ ಯಾವ ಕಾರು ಕೊಟ್ಟರೂ ನನ್ನ ಜೇಬಿನಲ್ಲಿ ಒಂದು ಇದ್ದಿಲಿನ ಚೂರು ಇರುತ್ತದೆ. ಅಂಗಿಯ ಜೇಬೆಲ್ಲ ಕಪ್ಪಾಗುತ್ತದೆ ಎಂದು ಹೆಂಡತಿ ಬಯ್ಯುತ್ತಾಳೆ.

ಸೌಮ್ಯಳ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಮೊನ್ನೆ ಮೇಲುಕೋಟೆಗೆ ಹೋಗಲು ಅವರನ್ನು ನನ್ನ ಹಳೆಯ ಕಾರಿನಲ್ಲಿ ಕರೆದುಕೊಂಡು ಹೊರಟೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದೆ ಕೂರುವ ಮೊದಲು, ಸೌಮ್ಯ ಹಿಂದಿನ ಬಾಗಿಲು ತೆರೆದು ಖಾಲಿ ಸೀಟಿನ ಬೆಲ್ಟುಗಳನ್ನೆಲ್ಲ ಒಂದೊಂದಾಗಿ ಎಳೆದು ಹಾಕಿದಳು. ಮಗು "ಯಾರಿಗವ್ವ ಅದು?" ಎಂದು ಕೇಳಿತು. ಸೌಮ್ಯ ನನ್ನ ಮುಖ ನೋಡಿದಳು.

ಆ ಸಣ್ಣ ಕನ್ನಡಿಯಲ್ಲಿ ಅವಳು ಕಂಡದ್ದೇನು ಎಂದು ಇಷ್ಟು ವರ್ಷವಾದರೂ ನಾನು ಕೇಳಿಲ್ಲ. ಅವಳು ಹೇಳಲಾರಳು ಎಂದಲ್ಲ. ಕೇಳಿದರೆ ಹೇಳಿಬಿಡುತ್ತಾಳೆ ಎಂಬ ಹೆದರಿಕೆ.